ಇಲಿಗಳಿಗೆ ಬಹುವಚನ

ಇಲಿಗಳನ್ನು ಬಹುವಚನದಲ್ಲಿ ಕರೆಯುವವರಲ್ಲಿ ನಾನು ಕಂಡದ್ದು ಅವರೊಬ್ಬರನ್ನೇ. "ಮೂರನೇ ಗೂಡಿನವರು ಇವತ್ತು ಊಟ ಮಾಡ್ಲಿಲ್ಲ" ಎಂದು ಅವರು ಗಂಭೀರವಾಗಿ ವರದಿ ಒಪ್ಪಿಸಿದರೆ, ಹೊಸ ವಿಜ್ಞಾನಿಗಳು ಯಾರೋ ಅತಿಥಿಗಳು ಮುನಿಸಿಕೊಂಡರೇನೋ ಎಂದು ಗಾಬರಿಯಾಗುತ್ತಿದ್ದರಂತೆ. ಬಾಹ್ಯಾಕಾಶ ಸಂಶೋಧನಾಲಯದ ಪ್ರಾಣಿಗೃಹವನ್ನು ಇಪ್ಪತ್ತೆಂಟು ವರ್ಷ ನೋಡಿಕೊಂಡ ಆ ಕೃಶಕಾಯರಿಗೆ ಇಲಿಯಪ್ಪ ಎಂಬ ಹೆಸರೇ ನಿಂತುಹೋಗಿತ್ತು. ನೆಲ ಅದುರಿದರೆ ಇಲಿಗಳು ಬೆಚ್ಚುತ್ತವೆಂದು ಪಾದವೆತ್ತದೆ ಜಾರಿಸಿ ನಡೆಯುವುದು ಅವರಿಗೆ ಎಷ್ಟು ಮೈಗೂಡಿತ್ತೆಂದರೆ, ನಡುರಸ್ತೆಯಲ್ಲೂ ಅದೇ ನಡಿಗೆ.

ನನ್ನ ತಂಗಿ ಆರು ತಿಂಗಳು ಅಂತರಿಕ್ಷದಲ್ಲಿದ್ದು ಮರಳಿದ ನೌಕೆಯಲ್ಲೇ ಎಂಟು ಇಲಿಗಳೂ ಮರಳಿದ್ದವು. ಭಾರವನ್ನೇ ಮರೆತ ಅವಳ ಮೀನಖಂಡ ಕರಗಿತ್ತು, ಮೂಳೆ ಸವೆದಿತ್ತು; ತಲೆ ತಿರುಗಿಸಿದರೆ ಕೋಣೆಯೇ ಗಿರ್ರೆನ್ನುತ್ತಿತ್ತು. ಮೂರನೆಯ ದಿನ ಸಂಶೋಧನಾಲಯದ ಆಸ್ಪತ್ರೆಯ ಬಚ್ಚಲಲ್ಲಿ ಬಿದ್ದಳು. ಪೆಟ್ಟಾಗಲಿಲ್ಲ, ಆದರೆ ಅವಮಾನ ಕಚ್ಚಿತು. ಎದ್ದು ನಡೆಯೆಂದು ವೈದ್ಯರು ಎಷ್ಟು ಪುಸಲಾಯಿಸಿದರೂ, "ಅಣ್ಣ, ಇನ್ನು ನನ್ನ ಕೈಲಾಗಲ್ಲ" ಎಂದು ಗೋಡೆಯತ್ತ ಹೊರಳಿದಳು.

ಸುದ್ದಿ ತಿಳಿದು ಬಂದ ಇಲಿಯಪ್ಪ ಉಪದೇಶ ಮಾಡಲಿಲ್ಲ. "ನಿನ್ ಜೊತೆ ಬಂದೋರು ಹೇಗಿದಾರೆ ಅಂತ ನೋಡ್ಕೊಂಡು ಬರೋಣ ಬಾ, ತಾಯಿ" ಎಂದರು.

ಗಾಲಿಕುರ್ಚಿಯಲ್ಲಿ ಅವಳನ್ನು ಕರೆದೊಯ್ದೆವು. ಗೂಡಿನೊಳಗೆ ಇಲಿಗಳು ಕಾಲು ಅಗಲಿಸಿ, ಹೊಟ್ಟೆಯನ್ನು ನೆಲಕ್ಕೊತ್ತಿ ತೆವಳುತ್ತಿದ್ದವು. ಒಂದು ಮಾತ್ರ ಗೋಡೆಗೆ ಮುಂಗಾಲೂರಿ ಏಳಲು ಹೋಗಿ ಉರುಳಿತು. ಮತ್ತೆ ಎದ್ದಿತು, ಮತ್ತೆ ಉರುಳಿತು.

"ನಾಚ್ಕೆನೇ ಇಲ್ವಲ್ಲ ಇದಕ್ಕೆ!" ಎಂದು ತಂಗಿ ಎಷ್ಟೋ ದಿನಗಳ ಮೇಲೆ ನಕ್ಕಳು.

"ಬಿದ್ದೋರು ನಾಚ್ಕೋಬೇಕು ಅಂತ ಅವರಿಗೆ ಯಾರೂ ಹೇಳ್ಕೊಟ್ಟಿಲ್ಲಮ್ಮ."

ಐದನೆಯ ಸಲಕ್ಕೆ ಇಲಿ ನಿಂತಿತು. ತಂಗಿ ಮೇಜನ್ನು ಹಿಡಿದು ಎದ್ದಳು. ನಾಲ್ಕು ಹೆಜ್ಜೆ. ಇಲಿಯಪ್ಪ ಶಹಬ್ಬಾಸ್ ಎನ್ನಲಿಲ್ಲ. ಸದ್ದಿಲ್ಲದೆ ಒಂದು ಸ್ಟೂಲನ್ನು ಅವಳ ಹಿಂದೆ ಸರಿಸಿಟ್ಟರು, ಅಷ್ಟೇ. ಆ ಇಲಿಗಳು ವಾರದೊಳಗೆ ಅಂಗಾಂಗ ಪರೀಕ್ಷೆಗೆಂದು ಕತ್ತರಿಯ ಕೆಳಗೆ ಹೋಗಬೇಕೆಂಬುದು ಅವರಿಗೆ ಗೊತ್ತಿತ್ತು, ನಮಗೆ ಹೇಳಲಿಲ್ಲ. ಅವುಗಳನ್ನು ಒಯ್ದ ದಿನ ಖಾಲಿ ಗೂಡುಗಳ ಮುಂದೆಯೂ ಅವರು ಪಾದ ಜಾರಿಸಿಯೇ ನಡೆದರೆಂದು ಆಮೇಲೆ ಕೇಳಿದೆ.

ಐದು ವಾರದ ಬಳಿಕ ತಂಗಿ ತಾನೇ ಮೆಟ್ಟಿಲಿಳಿದು ಮನೆಗೆ ಹೊರಟಳು. ಕೃತಜ್ಞತೆ ಹೇಳಲು ಹೋದ ನನಗೆ ಇಲಿಯಪ್ಪ, "ನನಗ್ಯಾಕೆ? ಅವಳ ಕಾಲಿಗೆ ಹೇಳಿ" ಎಂದು ಗೂಡು ತೊಳೆಯತೊಡಗಿದರು.

ಆಕಾಶಕ್ಕೆ ಏರಿಸುವವರ ಹೆಸರನ್ನು ಲೋಕ ಬರೆದಿಡುತ್ತದೆ. ಇಳಿದು ಬಂದ ಜೀವಕ್ಕೆ ನೆಲವನ್ನು ಮತ್ತೆ ಪರಿಚಯಿಸುವವರು ಬೇರೆ ಜಾತಿಯ ಜನ. ಅವರು ಕೈಹಿಡಿದು ಎಳೆಯುವುದಿಲ್ಲ, ನಾವು ಬಿದ್ದು ಏಳುವಷ್ಟು ಹೊತ್ತು ಪಕ್ಕದಲ್ಲಿರುತ್ತಾರೆ. ನಾವು ನಡೆದು ದೂರ ಬಂದ ಮೇಲೆಯೇ ಅವರ ಋಣ ನಮಗೆ ಅರಿವಾಗುವುದು.