ಕೆಂಚಪ್ಪ ಕೂಗಿದ ಲೆಕ್ಕ

"ಎಂಜಿನ್ ಪಂಪೇ ಕೈಕೊಟ್ಟಿದೆ ಕಣೋ," ಎನ್ನುತ್ತ ಅನಂತರಾಮು ಶವಪೆಟ್ಟಿಗೆಯ ಹಿಡಿಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ.

"ಹದ್ದು ಬಡಿದಿರಬೇಕು," ಎಂದ ಆಚೆ ಹಿಡಿಯಲ್ಲಿದ್ದ ವರದರಾಜ.

"ಹದ್ದು ಬಡಿದಿದ್ರೆ ಕೆಂಚ ಹೇಳದೆ ಬಿಡ್ತಿದ್ನಾ?"

ಇಬ್ಬರೂ ಪೈಲಟ್‌ಗಳು, ಸತ್ತವನ ಜೊತೆಗಾರರು. ಮರಳುಗಾಡಿನಲ್ಲಿ ಬಿದ್ದ ಸಣ್ಣ ಜೆಟ್‌ನಲ್ಲಿ ಕೆಂಚಪ್ಪ ಒಬ್ಬನೇ ಇದ್ದ. ಅವನ ಪೆಟ್ಟಿಗೆಯ ಜೊತೆ ರೈಲು ಹತ್ತಿದಾಗ ಶುರುವಾದ ಈ ವಾದ, ಅರಸೀಕೆರೆ ಸ್ಟೇಷನ್ನಿನಿಂದ ತೆಂಗಿನ ತೋಟಕ್ಕೆ ನಡೆಯುವಾಗಲೂ ಮುಗಿದಿರಲಿಲ್ಲ.

ಹಿಂದೆ ಬರುತ್ತಿದ್ದ ಕೊಬ್ಬರಿ ಮಂಡಿಯ ಸಾಹುಕಾರ ನಂಜುಂಡಯ್ಯ ಪಕ್ಕದವನಿಗೆ, "ಬಿಸಿರಕ್ತ ಕಣ್ರೀ. ಆಕಾಶದಾಗೆ ಲಾಗ ಹೊಡೆಯಾಕೆ ಹೋಗಿರ್ತಾನೆ," ಎಂದ. ತಂತಿ ಬಂದ ದಿನದಿಂದ ಪೇಟೆಯಲ್ಲೆಲ್ಲ ಇದೇ ಮಾತು. ಪೆಟ್ಟಿಗೆಗೆ ಕೈಯಾನಿಸಿ ನಡೆಯುತ್ತಿದ್ದ ತಂದೆ ಮರುಳಪ್ಪನಿಗೆ ಅದು ಕೇಳಿಸಿತು. ತಿರುಗಿ ನೋಡಲಿಲ್ಲ.

*

ಮಂಡಿಯಲ್ಲಿ ತಕ್ಕಡಿ ಹತ್ತಿರ ನಿಂತವನು ತೂಕವನ್ನು ಗಟ್ಟಿಯಾಗಿ ಕೂಗಬೇಕು. ಕೊಳ್ಳುವವನಿಗೂ ಮಾರುವವನಿಗೂ ಒಟ್ಟಿಗೆ ಕೇಳಬೇಕು. ಕಾಲೇಜಿನ ರಜೆಯಲ್ಲಿ ಕೆಂಚಪ್ಪ ಅಲ್ಲಿ ನಿಲ್ಲುತ್ತಿದ್ದ. ಒಂದು ದಿನ ಅಪ್ಪನ ಮೂಟೆಯೇ ಎರಡು ಸೇರು ಕಮ್ಮಿ ಬಂತು. ಇಡೀ ಮಂಡಿಗೆ ಕೇಳುವಂತೆ ಕೂಗಿದ.

ಕೊಳ್ಳಲು ಕೂತಿದ್ದ ನಂಜುಂಡಯ್ಯನೇ ನಕ್ಕುಬಿಟ್ಟಿದ್ದ. "ನಿಮ್ಮಪ್ಪನ ಮೂಟೆ ಕಣ್ಲಾ. ವಸಿ ಮೆಲ್ಲಗೆ ಕೂಗಬಾರ್ದಾ?"

"ಮೆಲ್ಲಗೆ ಅಂದ್ರೆ ಅದನ್ನ ಕೂಗೋದು ಅಂತಾರಾ, ಸಾವ್ಕಾರ್ರೇ?"

ಮನೆಗೆ ಬಂದ ಮರುಳಪ್ಪ ಹೆಂಡತಿ ಸುಮಿತ್ರಮ್ಮನಿಗೆ, "ನಿನ್ ಮಗ ಇವತ್ತು ನನ್ ಮಾನ ಹರಾಜು ಹಾಕ್ದ," ಎಂದು ಹೇಳಿ, ತನ್ನ ಎಲೆಯ ಹೋಳಿಗೆ ತೆಗೆದು ಮಗನ ಎಲೆಗೆ ಹಾಕಿದ್ದ.

*

ತೋಟದಲ್ಲಿ ಪೆಟ್ಟಿಗೆ ಇಳಿಸಿದರು. ಸುಮಿತ್ರಮ್ಮ ಅದರ ಪಕ್ಕ ಕೂತಳು. ಮರುಳಪ್ಪ ಪೈಲಟ್‌ಗಳ ಎದುರು ಬಂದು ನಿಂತ.

"ಮಣ್ಣು ಹಾಕೋಕೆ ಮುಂಚೆ ಒಂದು ಹೇಳ್ಬಿಡ್ರಪ್ಪಾ. ತಪ್ಪು ನನ್ ಮಗಂದಾ?"

ಸುತ್ತ ನಿಂತವರೆಲ್ಲ ಹತ್ತಿರ ಸರಿದರು.

"ಯಾಕೆ ಬಿತ್ತೋ ನಮಗೆ ಗೊತ್ತಿಲ್ಲ, ಯಜಮಾನ್ರೇ," ಎಂದ ಅನಂತರಾಮು. ಬೇಲೂರಿನವನು, ಊರ ಮಾತು ಬಲ್ಲವನು. "ತನಿಖೆ ಆಗ್ಬೇಕು. ಆದ್ರೆ ನಾವಿಬ್ರೂ ದಾರಿಯುದ್ದ ಕಿತ್ತಾಡಿದ್ದು ಅವನೇ ಕೊಟ್ಟ ಲೆಕ್ಕ ಇಟ್ಕೊಂಡು."

"ಅಂದ್ರೆ?"

ವರದರಾಜ ಟೊಪ್ಪಿ ತೆಗೆದ. "ರೇಡಿಯೋದಲ್ಲಿ ಕೇಳ್ತಿದ್ದೋನು ನಾನು. ಎಂಜಿನ್ ನಿಂತ ಮೇಲೆ ಅವನು ಮೀಟರಿನ ಒಂದೊಂದೇ ಮುಳ್ಳು ನೋಡಿ ಓದ್ತಾ ಬಂದ. ಎಣ್ಣೆ ಇಷ್ಟು, ಬಿಸಿ ಇಷ್ಟು, ಎತ್ತರ ಇಷ್ಟು. ಒಂದು ಸ್ವಿಚ್ ತಡವಾಗಿ ಹಾಕ್ದೆ, ಅದನ್ನೂ ಬರ್ಕೊಳ್ಳಿ ಅಂದ. ಪ್ಯಾರಾಚೂಟಲ್ಲಿ ಹಾರ್ಕೊಳ್ಳೋ ಅಂತ ಕಿರುಚ್ದೆ. ಇನ್ನೊಂದು ಮುಳ್ಳಿದೆ, ಓದಿಬಿಡ್ತೀನಿ ಅಂದ. ಅಂಥದೇ ವಿಮಾನ ನಾಳೆ ನಾವೂ ಹಾರಿಸ್ಬೇಕಲ್ಲ, ಅದಕ್ಕೆ."

ಸುಮಿತ್ರಮ್ಮ ತಲೆಯೆತ್ತಿದಳು. "ದನಿ ಹೆಂಗಿತ್ತಪ್ಪಾ?"

"ಗಟ್ಟಿಯಾಗಿತ್ತು ಕಣಮ್ಮಾ. ಎಲ್ರಿಗೂ ಕೇಳಿಸ್ತು."

ಮರುಳಪ್ಪ ಹೆಗಲ ವಸ್ತ್ರವನ್ನು ಕೊಡವಿ ಮತ್ತೆ ಹಾಕಿಕೊಂಡ. "ತನ್ನ ತಪ್ಪಿದ್ರೂ ತಾನೇ ಕೂಗಿ ಹೇಳವ್ನೆ," ಎಂದ, ಪೇಟೆಯವರೆಲ್ಲರ ಮುಖ ನೋಡುತ್ತ. "ಇನ್ನು ಯಾರು ಏನಾದ್ರೂ ಅಂದ್ಕೊಳ್ಳಲಿ."

ಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಹೋದಾಗ ತೊಡಕಾಯಿತು. ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಕುಲ. ರೂಢಿಯಂತೆ ಗುಂಡಿಯನ್ನು ಚೌಕವಾಗಿ ತೋಡಿಬಿಟ್ಟಿದ್ದರು. ಮೊಳೆ ಜಡಿದ ಪೆಟ್ಟಿಗೆಯೋ ಆಳುದ್ದ, ಬಿಚ್ಚುವ ಹಾಗಿಲ್ಲ.

"ಮಲಗಿಸೋದು ಹೆಂಗಪ್ಪಾ?" ಎಂದರು ಮಠದ ಸ್ವಾಮಿಗಳು.

"ಅವನು ಹೋಗಿದ್ದು ಕೂತೇ, ಸ್ವಾಮಿ," ಎಂದ ವರದರಾಜ. "ಸೀಟಿನ ಪಟ್ಟಿ ಕೂಡ ಬಿಚ್ಚಿರ್ಲಿಲ್ಲ."

ಸ್ವಾಮಿಗಳು ಪೆಟ್ಟಿಗೆಯ ಮೇಲೆ ವಿಭೂತಿ ಇಟ್ಟು, "ಗುಂಡಿ ಉದ್ದ ಮಾಡ್ರಿ," ಎಂದರು.

ಆಳುಗಳು ಗುದ್ದಲಿಗೆ ಕೈಹಾಕುವಷ್ಟರಲ್ಲಿ ನಂಜುಂಡಯ್ಯ ಕಚ್ಚೆ ಬಿಗಿದು ಗುಂಡಿಗೆ ಇಳಿದಿದ್ದ. ಒಳಗಿನಿಂದ ಕೆಂಪು ಮಣ್ಣು ಹೆಂಟೆಹೆಂಟೆಯಾಗಿ ಮೇಲೆ ಬಂದು ಪೈಲಟ್‌ಗಳ ಹೊಳೆಯುವ ಬೂಟುಗಳ ಮೇಲೆ ಬೀಳತೊಡಗಿತು. ಇಬ್ಬರೂ ಕಾಲು ಸರಿಸಲಿಲ್ಲ.