ಪಟ್ಟಿಯಲ್ಲಿಲ್ಲದ ಓದುಗರು

"ಯಾರೂ ಓದಿಲ್ಲ ಅಕ್ಕಾ. ಬೇಕಾದ್ರೆ ರಿಜಿಸ್ಟರ್ ನೀವೇ ನೋಡಿ," ಎಂದ ಗ್ರಂಥಪಾಲಕ.

ಬಾಗಿಲ ಬಳಿ ಹುರಿಯಿಂದ ಬಿಗಿದ ಪುಸ್ತಕಗಳ ಮೂರು ಕಟ್ಟು ಬಿದ್ದಿದ್ದವು. ಮೇಲಿನದರಲ್ಲಿ, ಸೇತುವೆ ಕಾಯುವ ರಾಕ್ಷಸಿಯೊಬ್ಬಳು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಕಾದಂಬರಿ. ಅದರ ಕೆಳಗೆ, ಕತ್ತಿ ಹಿಡಿಯಲು ಬಾರದ ಸೇನಾಪತಿಯ ಸಾಹಸಗಳು. ಮೂರು ವರ್ಷ ಯಾರೂ ಒಯ್ಯದ ಪುಸ್ತಕ ರದ್ದಿಗೆ ಎಂಬುದು ಅಲ್ಲಿಯ ನಿಯಮ. ರದ್ದಿಯವನು ಐದಕ್ಕೆ ಬರುವವನಿದ್ದ. ಆಗಲೇ ನಾಲ್ಕೂವರೆಯಾಗಿತ್ತು.

ಎಕ್ಸ್‌ರೇ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವಳ ಕೆಲಸ, ಸಿಕ್ಕವರಿಗೆಲ್ಲ ಪುಸ್ತಕ ಗಂಟುಹಾಕುವುದು ಅವಳ ಚಟ. ಗಂಡ ತೀರಿಹೋದ ವರ್ಷ ಅವಳನ್ನು ಹಾಸಿಗೆಯಿಂದ ಎಬ್ಬಿಸಿದ್ದು ಬಂಧುಬಳಗವಲ್ಲ, ಆ ರಾಕ್ಷಸಿ. ಅಂದಿನಿಂದ ಯಾರ ಮುಖ ಬಾಡಿದರೂ ಅವಳದು ಒಂದೇ ಔಷಧಿ: ಇದನ್ನು ಓದಿ, ನಗು ಬರದಿದ್ದರೆ ಬಂದು ನನ್ನನ್ನು ಬೈಯಿರಿ. ಇವತ್ತಿನವರೆಗೆ ಒಬ್ಬರೂ ಬೈದಿರಲಿಲ್ಲ.

ಆದರೆ ಯಾರು ಏನು ಒಯ್ದರೆಂದು ಪ್ರತಿ ತಿಂಗಳೂ ಹೆಸರು ಸಮೇತ ಬೋರ್ಡಿಗೆ ಅಂಟಿಸುವ ರೂಢಿಯಿತ್ತಲ್ಲ, ಅದೇ ಕುತ್ತಿಗೆಗೆ ಬಂತು. ರಾಕ್ಷಸಿಯ ಪಕ್ಕದಲ್ಲಿ ಹೆಸರು ಕಂಡರೆ ದೊಡ್ಡವರ ಮಾನ ಹೋಗುತ್ತದೆ. ಹಾಗಾಗಿ ದಪ್ಪನೆಯ ತತ್ವಶಾಸ್ತ್ರದ ಪುಸ್ತಕವೊಂದಕ್ಕೆ ಮೊಹರು ಹಾಕಿಸಿಕೊಂಡು, ರಾಕ್ಷಸಿಯನ್ನು ಮೆಲ್ಲಗೆ ಚೀಲಕ್ಕೆ ಇಳಿಸಿ, ಓದಿಯಾದ ಮೇಲೆ ತಾವೇ ಕಪಾಟಿನಲ್ಲಿಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಈ ಉಪಾಯ ಹೇಳಿಕೊಟ್ಟವಳು ಅಕ್ಕನೇ. ಅದು ನೆನಪಾಗಿ ಸಿಟ್ಟು ಇಮ್ಮಡಿಯಾಯಿತು.

ಒಳಗೆ ಓದುಗರ ಬಳಗದ ಸಭೆ ನಡೆದಿತ್ತು. ರಾಕ್ಷಸಿಯ ಪುಸ್ತಕವನ್ನು ಕಟ್ಟಿನಿಂದ ಎಳೆದುಕೊಂಡು ಹೋಗಿ ಮೇಜಿನ ಮೇಲೆ ಕುಕ್ಕಿದಳು. ಓದಿದವರಲ್ಲಿ ಒಬ್ಬರು ಬಾಯಿಬಿಟ್ಟು ಹೇಳಿದರೂ ಗ್ರಂಥಪಾಲಕ ಕಟ್ಟು ಬಿಚ್ಚುತ್ತಾನೆ, ಹೇಳಿ ಎಂದಳು. ನಿವೃತ್ತ ಇನ್ಸ್‌ಪೆಕ್ಟರರು ಕನ್ನಡಕ ಒರೆಸತೊಡಗಿದರು. ಮೆಡಿಕಲ್ ಶಾಪಿನವರು ಫ್ಯಾನು ನೋಡಿದರು.

"ಹಗುರದ ಪುಸ್ತಕಗಳು ಬರ್ತವೆ, ಹೋಗ್ತವೆ. ಅದಕ್ಕೆಲ್ಲ ಬೇಜಾರು ಮಾಡ್ಕೋಬಾರದಮ್ಮ," ಎಂದರು ಶಾಲೆಯ ಹೆಡ್‌ಮಿಸ್.

ಈ ಮಹಾತಾಯಿಯೇ ಹೋದ ತಿಂಗಳು ಫೋನು ಮಾಡಿ, ರಾಕ್ಷಸಿಯನ್ನು ಓದುತ್ತಾ ನಕ್ಕು ನಕ್ಕು ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ ಎಂದಿದ್ದರು.

"ಥೂ, ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ," ಎಂದಳು ಅಕ್ಕ. "ಅಳೋದಕ್ಕೆ ನಾಚಿಕೆ ಇಲ್ಲ, ನಗೋದಕ್ಕೆ ನಾಚಿಕೆ. ಕೇಳಿ ಹಾಗಾದ್ರೆ, ರದ್ದಿಗೆ ಹೋಗೋ ಮುಂಚೆ."

ಪುಸ್ತಕ ತೆರೆಯದೆ, ನೆನಪಿದ್ದಷ್ಟನ್ನು ಜಗಳದ ದನಿಯಲ್ಲೇ ಹೇಳತೊಡಗಿದಳು. "ನಾನು ಈ ಸೇತುವೆಯ ಕಾವಲಿಗೆ ಸೇರಿ ಮುನ್ನೂರು ವರ್ಷವಾಯಿತು. ನನಗೆ ನೀರೆಂದರೆ ಭಯ. ಇಲ್ಲಿಯವರೆಗೆ ಹನ್ನೊಂದು ವೀರರನ್ನು ತಿಂದಿದ್ದೇನೆ..."

"ಹನ್ನೊಂದೂವರೆ," ಎಂದರು ಹೆಡ್‌ಮಿಸ್.

ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಬಾಯಿ, ತಡೆಯಲಾಗಲಿಲ್ಲ. "ಕೊನೆಯವನು ಬಹಳ ಮಾತಾಡುತ್ತಿದ್ದ. ಅರ್ಧಕ್ಕೇ ಸಾಕಾಯಿತು," ಎಂದು ವಾಕ್ಯವನ್ನೂ ಮುಗಿಸಿಬಿಟ್ಟರು. ಇನ್ಸ್‌ಪೆಕ್ಟರರ ಗಂಟಲಿನಿಂದ ನಗು ಸಿಡಿಯಿತು. ಮೆಡಿಕಲ್ ಶಾಪಿನವರು ಕರವಸ್ತ್ರ ಕಚ್ಚಿಕೊಂಡರು.

ಅಕ್ಕ ನಗಲಿಲ್ಲ. ಹೊರಗೆ ರದ್ದಿಯವನ ಗಾಡಿ ನಿಂತ ಸದ್ದಾಯಿತು. ಅವಳು ರಿಜಿಸ್ಟರ್ ತಂದು ಹೆಡ್‌ಮಿಸ್ ಮುಂದೆ ತೆರೆದಿಟ್ಟಳು.

"ಬರೀರಿ ಮೇಡಂ."

ಹೆಡ್‌ಮಿಸ್ ಯಾರ ಮುಖವನ್ನೂ ನೋಡದೆ ಪೆನ್ನು ತೆಗೆದರು. ಪುಸ್ತಕದ ಹೆಸರು ಬರೆದು, ಎದುರಿಗೆ ತಮ್ಮ ಹೆಸರು ಬರೆದರು. ಪೆನ್ನು ಮುಚ್ಚಲಿಲ್ಲ. ಕೆಳಗಿನ ಸಾಲಿನಲ್ಲಿ ಅದೇ ಪುಸ್ತಕ, ಅದೇ ಹೆಸರು ಮತ್ತೆ ಬರೆದರು. ಅದರ ಕೆಳಗೆ ಇನ್ನೊಮ್ಮೆ. ಐದನೆಯ ಸಾಲಿಗೆ ಬಂದಾಗ ತುಸು ತಡೆದು, ಓದಿದ್ದು ಎಷ್ಟು ಸಲವೆಂದು ಬೆರಳಲ್ಲಿ ಎಣಿಸಿ, ಆರನೆಯದನ್ನೂ ಬರೆದರು.