ಅದು ಗ್ಯಾಸ್ ಟ್ರಬಲ್ ಆಗಿರಲಿಲ್ಲ

ಟೈಲರಕ್ಕನ ಮನೆಯಲ್ಲಿ ತಿಂಡಿ ಡಬ್ಬಿಗಳು ಇದ್ದಕ್ಕಿದ್ದಂತೆ ಖಾಲಿಯಾಗತೊಡಗಿದವು.

ಮೊದಲು ಬಿಸ್ಕತ್ತು ಹೋಯಿತು. ಆಮೇಲೆ ಒಂದು ಇಡೀ ಬ್ರೆಡ್ಡು. ಮರುವಾರ ಸಕ್ಕರೆ ಡಬ್ಬಿ ಅರ್ಧಕ್ಕೆ ಇಳಿದಿತ್ತು. ಮನೆಯಲ್ಲಿದ್ದವರು ಮೂರೇ ಜನ: ಟೈಲರಕ್ಕ, ಅವಳ ಅತ್ತೆ, ಕಾಲೇಜಿಗೆ ಹೋಗುವ ಇಪ್ಪತ್ತರ ಮಗಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಎರಡು ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಹಾಕಿ ನೋಡುವವರಿಗೆಂದು ಮೂಲೆಯಲ್ಲೊಂದು ಪರದೆ.

ಅತ್ತೆಗೆ ಸಕ್ಕರೆ ಕಾಯಿಲೆ. ಹಾಗಾಗಿ ಟೈಲರಕ್ಕನ ಅನುಮಾನ ಬೇರೆ ಕಡೆ ಹೋಗಲೇ ಇಲ್ಲ.

"ಅತ್ತೆ, ತಿನ್ನೋ ಆಸೆ ಇದ್ರೆ ಬಾಯಿಬಿಟ್ಟು ಕೇಳಿ. ಕದ್ದು ತಿಂದು ನಾಳೆ ಕಾಲಿಗೆ ಗಾಯ ಆದ್ರೆ ಆಸ್ಪತ್ರೆಗೆ ಓಡಾಡೋಳು ನಾನು."

ಅತ್ತೆ ರವಿಕೆಗೆ ಹುಕ್ಕು ಹಚ್ಚುತ್ತಿದ್ದರು. ಸೂಜಿಯ ಮೇಲಿನ ಕಣ್ಣು ಎತ್ತಲಿಲ್ಲ. "ಇನ್ನು ಮುಂದೆ ಹಾಗಾಗಲ್ಲ ಬಿಡಮ್ಮ" ಎಂದರು.

ಆದರೆ ಮತ್ತೆ ಹಾಗೆಯೇ ಆಯಿತು. ಟೈಲರಕ್ಕ ಅಡುಗೆಮನೆಯ ಕಪಾಟಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಳತೆ ಕೊಡಲು ಬಂದ ಹೆಂಗಸರ ಮುಂದೆ ನಗುತ್ತಲೇ ಹೇಳಿದಳು: "ವಯಸ್ಸಾದೋರು ಮಕ್ಕಳಿಗಿಂತ ಕಡೆ. ನಮ್ಮನೇಲಿ ಬಿಸ್ಕತ್ತಿಗೂ ಬೀಗ ಬಂತು ನೋಡಿ." ಬಂದವರು ನಕ್ಕರು. ಪಕ್ಕದಲ್ಲೇ ಕೂತಿದ್ದ ಅತ್ತೆ ದಾರ ಕಡಿದು ಇನ್ನೊಂದು ಹುಕ್ಕು ತೆಗೆದುಕೊಂಡರು.

ಅದಾಗಿ ಹತ್ತು ದಿನಕ್ಕೆ ಮಗಳು ಕಾಲೇಜಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು.

ಊರಿನ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಹೊಟ್ಟೆ ಒತ್ತಿ ನೋಡಿದರು. "ತೂಕ ಸರಿಯಾಗೇ ಇದೆಯಲ್ಲ. ಸ್ವಲ್ಪ ಕಡಿಮೆ ಆದ್ರೂ ಒಳ್ಳೇದೇ. ಗ್ಯಾಸ್ ಇರಬೇಕು" ಎಂದು ಮಾತ್ರೆ ಬರೆದರು. ಹೊರಗೆ ಇನ್ನೂ ನಲವತ್ತು ಜನ ಕಾದಿದ್ದರು. ಅವರಿಗೂ ಬಿಡುವಿರಲಿಲ್ಲ. 'ಕಡಿಮೆ ಆದ್ರೂ ಒಳ್ಳೇದೇ' ಎಂದಾಗ ಮಗಳ ಮುಖ ಹೇಗಾಯಿತೆಂದು ಯಾರೂ ನೋಡಲಿಲ್ಲ.

ಕೇಳಿದವರಿಗೆಲ್ಲ ಟೈಲರಕ್ಕ ಗ್ಯಾಸ್ ಟ್ರಬಲ್ ಅಂದಳು.

ಆ ವಾರವೇ ಒಬ್ಬ ಬಸ್ ಕಂಡಕ್ಟರ್ ಹೆಂಗಸು ಯೂನಿಫಾರ್ಮ್ ಶರ್ಟು ಹಿಡಿದು ಅಂಗಡಿಗೆ ಬಂದಳು. ಮೂವತ್ತೈದು ದಾಟಿದ, ಗಟ್ಟಿ ದನಿಯ ಹೆಂಗಸು.

"ಅಕ್ಕ, ಭುಜ ಸ್ವಲ್ಪ ಸಡಿಲ ಮಾಡಿಕೊಡಿ. ಕಂಬಿ ಹಿಡಿಯೋಕೆ ಕೈ ಎತ್ತಿದ್ರೆ ಎಳೆಯುತ್ತೆ."

ಮಗಳು ನೀರು ತಂದುಕೊಟ್ಟು ಒಳಗೆ ಹೋದಳು. ಕಂಡಕ್ಟರಕ್ಕ ಅವಳ ಊದಿದ ಕೆನ್ನೆಯನ್ನೂ ಬಾಡಿದ ಕಣ್ಣನ್ನೂ ಗಮನಿಸಿದಳು.

"ಮಗಳಿಗೆ ಹುಷಾರಿಲ್ವಾ ಅಕ್ಕ?"

"ಗ್ಯಾಸ್ ಟ್ರಬಲ್ಲು. ಡಾಕ್ಟರು ತೂಕ ನೋಡಿ ಏನೂ ಇಲ್ಲ ಅಂದ್ರು."

"ನನಗೂ ಹನ್ನೊಂದು ವರ್ಷ ಅದೇ ಗ್ಯಾಸ್ ಇತ್ತು" ಎಂದಳು ಕಂಡಕ್ಟರಕ್ಕ. "ಊಟದ ಕಾಯಿಲೆ ಅಕ್ಕ ಅದು. ಡಾಕ್ಟರು ಈಟಿಂಗ್ ಡಿಸಾರ್ಡರ್ ಅಂತಾರೆ. ಕೆಲವರು ಊಟಾನೇ ಬಿಡ್ತಾರೆ. ನನ್ನಂಥೋರು ಯಾರೂ ಇಲ್ಲದಾಗ ತಡೆಯೋಕಾಗದೆ ತಿಂತಾರೆ, ಆಮೇಲೆ ಹೆದರಿ ವಾಂತಿ ಮಾಡ್ತಾರೆ."

ಟೈಲರಕ್ಕನ ಕತ್ತರಿ ನಿಂತಿತು. "ತಿಂದದ್ದನ್ನ ಯಾರಾದ್ರೂ ಬೇಕು ಅಂತ ಕಕ್ತಾರಾ? ಒಂದು ಹೊತ್ತಿನ ಊಟ ಇಲ್ಲದೋರು ಎಷ್ಟು ಜನ ಇದಾರೆ. ಇದು ಹೊಟ್ಟೆ ತುಂಬಿದೋರ ಕಾಯಿಲೆ."

"ನಾನು ಹೊಟ್ಟೆ ತುಂಬಿದ ಮನೆಯೋಳಲ್ಲ ಅಕ್ಕ. ನಮ್ಮಪ್ಪ ಮೂಟೆ ಹೊರ್ತಿದ್ರು. ಬೇಕು ಅಂತ ಮಾಡೋದಾಗಿದ್ರೆ ಬೇಡ ಅಂದ ದಿನ ಬಿಡ್ತಿದ್ದೆ. ಬಿಡೋಕಾಗಲಿಲ್ಲ. ಅದಕ್ಕೇ ಅದನ್ನ ಕಾಯಿಲೆ ಅನ್ನೋದು."

"ತೂಕ ಸರಿ ಇದೆ ಅಂದ್ರಲ್ಲಮ್ಮ?"

"ಜ್ವರ ಇದೆಯೋ ಇಲ್ವೋ ತಕ್ಕಡಿ ಹೇಳುತ್ತಾ? ಇದೂ ಹಾಗೇ. ಸಣ್ಣಗಿರೋರಿಗೂ ಬರುತ್ತೆ, ದಪ್ಪಗಿರೋರಿಗೂ ಬರುತ್ತೆ. ಗಂಡಸರಿಗೂ ಬರುತ್ತೆ. ಪದೇ ಪದೇ ವಾಂತಿ ಆದ್ರೆ ರಕ್ತದಲ್ಲಿರೋ ಲವಣ ಕಡಿಮೆಯಾಗಿ ಎದೆಬಡಿತ ತಪ್ಪುತ್ತೆ. ಈ ಕಾಯಿಲೆ ಬಂದೋರದ್ದೇ ಒಂದು ಗುಂಪಿದೆ, ಅದರಲ್ಲಿ ಒಬ್ಬ ತಾಯಿ ಇದಾರೆ. ಅವರ ಮಗಳೂ ಮೊದಲು ತಲೆ ಸುತ್ತಿ ಬಿದ್ದಿದ್ಲು ಅಷ್ಟೇ. ಈಗ ಅವಳಿಲ್ಲ."

ಕಂಡಕ್ಟರಕ್ಕ ಚೀಲದಿಂದ ಒಂದು ಅರ್ಜಿ ತೆಗೆದು ಮೇಜಿನ ಮೇಲಿಟ್ಟಳು. ಈ ಕಾಯಿಲೆ ಅನುಭವಿಸಿದವರು, ಅವರ ಮನೆಯವರು ಸೇರಿ ಆಸ್ಪತ್ರೆಗೆ ಬರೆದದ್ದು. ವಾರಕ್ಕೊಂದು ದಿನ ಈ ಕಾಯಿಲೆಗೆಂದೇ ಚಿಕಿತ್ಸೆ ಕೊಡಿ, ಬರೀ ತೂಕ ನೋಡಿ ವಾಪಸ್ ಕಳಿಸಬೇಡಿ, ನರ್ಸುಗಳಿಗೆ ತರಬೇತಿ ಕೊಡಿ ಎಂದು ಅದರಲ್ಲಿತ್ತು.

"ಇದನ್ನ ಊರಿಗೆಲ್ಲ ಡಂಗುರ ಹೊಡೀತೀರಾ?" ಎಂದಳು ಟೈಲರಕ್ಕ. "ನಾಚಿಕೆ ಆಗಲ್ವಾ?"

"ಆಗುತ್ತೆ. ಇವತ್ತೂ ನಿಮ್ಮ ಮುಂದೆ ಹೇಳುವಾಗ ಆಯ್ತು."

"ನಿಮ್ಮ ಶರ್ಟು ನಾಡಿದ್ದು ಸಿಗುತ್ತೆ" ಎಂದು ಟೈಲರಕ್ಕ ಮಾತು ಮುಗಿಸಿದಳು.

ಕಂಡಕ್ಟರಕ್ಕ ಹೋದಮೇಲೆ ಮಗಳು ಬಾಗಿಲಿಗೆ ಬಂದು ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅಮ್ಮ, ಅಜ್ಜಿ ಒಂದು ದಿನಾನೂ ತಿಂದಿಲ್ಲ."

ಅಷ್ಟೇ ಹೇಳಿದ್ದು. ಟೈಲರಕ್ಕ ತಿರುಗಿ ಅತ್ತೆಯನ್ನು ನೋಡಿದಳು.

"ಸ್ನಾನದ ಮನೆ ಗೋಡೆಗೇ ನನ್ನ ಮಂಚ ಅಲ್ವಾ" ಎಂದರು ಅತ್ತೆ. "ವಾಂತಿ ಮಾಡೋದು ಕೇಳಿಸ್ತಿತ್ತು. ವಯಸ್ಸಿನ ಹುಡುಗಿ, ಹೆಸರು ಕೆಡಬಾರದು, ಬೈದ್ರೆ ನನ್ನನ್ನೇ ಬೈಲಿ ಅಂದ್ಕೊಂಡೆ. ಅದೂ ತಪ್ಪೇ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೇ ಮಗು ಬಿತ್ತು."

ಟೈಲರಕ್ಕನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಗಂಡನನ್ನು ಹೆತ್ತವರು, ಅವನು ಹೋದಮೇಲೂ ಅವಳ ಜೊತೆಗೇ ಉಳಿದವರು. ಅಂಥವರನ್ನು ಗಿರಾಕಿಗಳ ಮುಂದೆ ಕಳ್ಳಿ ಮಾಡಿದ್ದಳು. ಸೊಂಟದ ಕೀಲಿ ತೆಗೆದು ಅತ್ತೆಯ ಕೈಯಲ್ಲಿಟ್ಟಳು.

ಮಗಳ ಬಾಯಿಂದ ಉಳಿದದ್ದು ಸ್ವಲ್ಪ ಸ್ವಲ್ಪವಾಗಿ ಹೊರಬಂತು. ಹುಟ್ಟಿದಾಗ ದುಂಡಗಿದ್ದಳೆಂದು ಮನೆಯವರು, ಬೀದಿಯವರು ಅವಳನ್ನು 'ಡುಮ್ಮಿ' ಎಂದೇ ಕರೆಯುತ್ತಿದ್ದರು. ಕಳೆದ ವರ್ಷ ಅವಳಿಗೆ ಹೊಸ ಬಟ್ಟೆ ಹೊಲಿಯುವಾಗ ಟೈಲರಕ್ಕ ಎಲ್ಲರಿಗೆ ಮಾಡುವ ಹಾಗೆಯೇ ಅಳತೆಯನ್ನು ಗಟ್ಟಿಯಾಗಿ ಕೂಗಿ ಅತ್ತೆಯ ಕೈಲಿ ಬರೆಸಿದ್ದಳು. "ಮತ್ತೆ ಎರಡಿಂಚು ಹೆಚ್ಚಾಯ್ತಲ್ಲೇ ಡುಮ್ಮಿ" ಎಂದಿದ್ದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ಮಗಳೂ ನಕ್ಕಿದ್ದಳು. ಅವತ್ತಿನಿಂದ ಊಟ ಬಿಡತೊಡಗಿದವಳು, ಹಸಿವು ತಡೆಯಲಾರದೆ ಡಬ್ಬಿಗೆ ಕೈ ಹಾಕಿದ್ದಳು.

"ನಾನು ತಮಾಷೆಗೆ ಅಂದದ್ದು ಕಣೇ."

"ಗೊತ್ತಮ್ಮ. ನಿನ್ನೊಬ್ಬಳಿಂದ ಬಂದದ್ದಲ್ಲ ಇದು. ಆದ್ರೆ ನನ್ನ ಹಾಗೆ ಕರೀಬೇಡಿ."

ಮರುದಿನ ಬೆಳಿಗ್ಗೆ ಟೈಲರಕ್ಕ ಶರ್ಟು ಹೊಲಿದು ತಾನೇ ಬಸ್ ನಿಲ್ದಾಣಕ್ಕೆ ತೆಗೆದುಕೊಂಡು ಹೋದಳು. ಕಂಡಕ್ಟರಕ್ಕನ ಕೈಗೆ ಕೊಟ್ಟು, "ಎಲ್ಲಿಗೆ ಕರ್ಕೊಂಡು ಹೋಗಬೇಕು, ಹೇಳಿ" ಎಂದಳು.

ಹೋಗಬೇಕಾದದ್ದು ಐದು ಗಂಟೆ ದೂರದ ದೊಡ್ಡ ಆಸ್ಪತ್ರೆಗೆ. ಕಂಡಕ್ಟರಕ್ಕ ರಜೆ ಹಾಕಿ ಜೊತೆಗೆ ಬಂದಳು. ಅಲ್ಲಿ ರಕ್ತ ಪರೀಕ್ಷೆ ಮಾಡಿದರು, ಎದೆಬಡಿತ ನೋಡಿದರು. ಅವತ್ತೇ ದಾಖಲು ಮಾಡಿಕೊಂಡು, "ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು" ಎಂದರು. ಎಂಟು ದಿನದ ಮೇಲೆ ಮನೆಗೆ ಕಳಿಸಿದರು. ಹೊತ್ತು ಹೊತ್ತಿಗೆ ಏನು ತಿನ್ನಬೇಕು, ಮನಸ್ಸು ಹೆದರಿದಾಗ ಏನು ಮಾಡಬೇಕು ಎಂದು ಹೇಳಿಕೊಟ್ಟರು. ಪ್ರತಿ ವಾರ ಬರಬೇಕೆಂದರು.

ಆದರೂ ಹೊರಗಿನವರ ಮುಂದೆ ಟೈಲರಕ್ಕ ಬದಲಾಗಲಿಲ್ಲ. ಮಗಳೆಲ್ಲಿದ್ದಳು ಎಂದವರಿಗೆ ಚಿಕ್ಕಮ್ಮನ ಮನೆಗೆ ಹೋಗಿದ್ದಳು ಅಂದಳು. ಅರ್ಜಿಗೆ ಸಹಿ ಹಾಕುವಾಗ ಹೆಸರು ಬರೆಯದೆ 'ಒಬ್ಬ ತಾಯಿ' ಎಂದು ಬರೆದಳು. ಕಂಡಕ್ಟರಕ್ಕ ಅದನ್ನು ನೋಡಿದಳು, ಏನೂ ಅನ್ನಲಿಲ್ಲ. ಅವಳು ಅನ್ನದೆ ಇದ್ದದ್ದೇ ಟೈಲರಕ್ಕನನ್ನು ಚುಚ್ಚಿತು.

ಒಂದು ತಿಂಗಳ ಮೇಲೆ ಊರಿನ ಆಸ್ಪತ್ರೆಯವರು ಅರ್ಜಿ ಬರೆದವರನ್ನೂ ಊರವರನ್ನೂ ಮಾತುಕತೆಗೆ ಕರೆದರು. ಮೇಲಿನ ಮಹಡಿಯ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಟೈಲರಕ್ಕ ಮಗಳ ಜೊತೆ ಕೊನೆಯ ಸಾಲಿನಲ್ಲಿ, ತಲೆ ತಗ್ಗಿಸಿ ಕೂತಳು. ಮುಂದಿನ ಸಾಲಿನಲ್ಲಿ ಅವಳ ಗಿರಾಕಿಗಳೇ ಇಬ್ಬರಿದ್ದರು, ಅವತ್ತು ಬೀಗದ ಮಾತಿಗೆ ನಕ್ಕವರು.

ಕಂಡಕ್ಟರಕ್ಕ ತನ್ನ ಕಥೆ ಹೇಳಿದಳು. ಅವಳ ಗುಂಪಿನವನೇ ಆದ ಕ್ಷೌರದಂಗಡಿಯ ಯಜಮಾನ ಎದ್ದು ತನ್ನದು ಹೇಳಿದ. "ಗಂಡಸರಿಗೆ ಇದು ಬರಲ್ಲ ಅಂತ ಡಾಕ್ಟರೇ ನಕ್ಕರು. ಕನ್ನಡಿ ಮುಂದೇನೇ ನನ್ನ ಕೆಲಸ. ನಾಲ್ಕು ವರ್ಷ ನನ್ನ ಮುಖ ನಾನು ನೋಡಿಕೊಳ್ಳದೆ ಬೇರೆಯವರ ಗಡ್ಡ ತೆಗೆದೆ" ಎಂದ.

ಆಸ್ಪತ್ರೆಯ ದೊಡ್ಡ ಡಾಕ್ಟರು ಕೆಟ್ಟವರಲ್ಲ. ಕೊನೆಯವರೆಗೂ ಕೇಳಿದರು. ಆಮೇಲೆ ಕನ್ನಡಕ ತೆಗೆದು ಹೇಳಿದರು: "ನಿಮ್ಮ ಕಷ್ಟ ಅರ್ಥವಾಗುತ್ತೆ. ಆದ್ರೆ ನಮ್ಮ ರೋಗಿಗಳ ಪುಸ್ತಕದಲ್ಲಿ ಈ ಕಾಯಿಲೆಯೋರು ಒಬ್ಬರೂ ಇಲ್ಲ. ಇಲ್ಲದ ರೋಗಿಗೆ ಕೋಣೆ, ಡಾಕ್ಟರು ಎಲ್ಲಿಂದ ಕೊಡಲಿ?"

ಮಗಳು ಏಳಲು ಹೊರಟಳು. ಟೈಲರಕ್ಕನ ಕೈ ತಾನಾಗಿಯೇ ಅವಳ ದುಪಟ್ಟಾ ಹಿಡಿದು ಎಳೆಯಿತು. ಆಮೇಲೆ ಆ ಕೈಯನ್ನೇ ನೋಡಿಕೊಂಡಳು. ಎಳೆದು ಕೂರಿಸುತ್ತಿರುವುದು ತಾನೇ. ಕೈ ಬಿಟ್ಟಳು. ಮಗಳಿಗಿಂತ ಮೊದಲು ತಾನು ಎದ್ದಳು.

"ನಿಮ್ಮ ಪುಸ್ತಕದಲ್ಲಿ ನನ್ನ ಮಗಳ ಹೆಸರಿದೆ ಸಾರ್. ಅದರ ಮುಂದೆ ಗ್ಯಾಸ್ ಅಂತ ಬರೆದಿದೆ."

ಎಲ್ಲರೂ ತಿರುಗಿದರು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನೀವು ಒಂದು ಸಲ ಬರೆದ್ರಿ. ನಾನು ಬೀದಿಯೋರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ. ಮನೇಲಿ ಅತ್ತೆ ಕದ್ದು ತಿಂತಾರೆ ಅಂದೆ. ಈ ಅಕ್ಕಂದಿರ ಮುಂದೇನೇ ಅಂದೆ. ಅವರು ತಿಂದಿರಲಿಲ್ಲ. ಮಗಳು ಸಾಯೋ ಹಾಗಿದ್ಲು, ನಾನು ಮರ್ಯಾದೆ ಕಾಯ್ತಿದ್ದೆ. ಅರ್ಜಿಗೆ ನನ್ನ ಹೆಸರೂ ಹಾಕಲಿಲ್ಲ. ಕೊಡಿ, ಈಗ ಹಾಕ್ತೀನಿ."

ಮುಂದಿನ ಸಾಲಿನ ಗಿರಾಕಿಗಳಲ್ಲಿ ಒಬ್ಬಳು ತಲೆ ತಗ್ಗಿಸಿದಳು. ಆಮೇಲೆ ಅವಳೇ ಎದ್ದು, "ನನ್ನ ತಂಗಿಗೂ ಹೀಗೇ ಇದೆ ಅನ್ಸುತ್ತೆ. ನಾವು ಅಸಿಡಿಟಿ ಅಂತಿದ್ವಿ" ಎಂದಳು. ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ, "ನನಗೆ ಗೊತ್ತಿರೋರಲ್ಲೂ ಒಬ್ಬರಿಗೆ ಇದೆ" ಎಂದು ಕೈ ಎತ್ತಿದಳು. ಯಾರ ಬಗ್ಗೆ ಎಂದು ಅವಳು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ದೊಡ್ಡ ಡಾಕ್ಟರು ರೋಗಿಗಳ ಪುಸ್ತಕ ತರಿಸಿ ಹಾಳೆ ತಿರುವಿದರು. "ಇನ್ನೆಷ್ಟು ಜನರನ್ನ ಗ್ಯಾಸ್ ಅಂತ ಬರೆದು ಕಳಿಸಿದೀವೋ" ಎಂದರು ಮೆಲ್ಲಗೆ.

ಪ್ರತಿ ಗುರುವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಒಂದು ಕೋಣೆ ಸಿಕ್ಕಿತು, ಆರು ತಿಂಗಳ ಮಟ್ಟಿಗೆ. ಮನೋವೈದ್ಯರು ತಿಂಗಳಿಗೆ ಎರಡು ಸಲ ಬರುತ್ತಾರೆ. ಕೇಳಿದ್ದೆಲ್ಲ ಸಿಗಲಿಲ್ಲ. ಕಂಡಕ್ಟರಕ್ಕ ಮತ್ತು ಕ್ಷೌರದಂಗಡಿಯ ಯಜಮಾನ ನರ್ಸುಗಳ ಮುಂದೆ ಕೂತು, ರೋಗಿಗೆ ಏನು ಕೇಳಬೇಕು, ಏನು ಅನ್ನಬಾರದು ಎಂದು ಹೇಳಿಕೊಟ್ಟರು. ಮೊದಲ ಗುರುವಾರ ಇಬ್ಬರು ಬಂದರು. ಮೂರನೇ ತಿಂಗಳಿಗೆ ಒಂಬತ್ತು ಜನ.

ಮಗಳು ಪೂರ್ತಿ ಗುಣವಾಗಿದ್ದಾಳೆಂದು ಹೇಳಿದರೆ ಸುಳ್ಳಾಗುತ್ತದೆ. ಒಳ್ಳೆಯ ವಾರಗಳಿವೆ, ಜಾರುವ ದಿನಗಳೂ ಇವೆ. ಜಾರಿದ ದಿನ ಮುಚ್ಚಿಡದೆ ಅಜ್ಜಿಗೆ ಹೇಳುತ್ತಾಳೆ. ಮೂವರೂ ಒಟ್ಟಿಗೆ ಕೂತು ಊಟ ಮಾಡುತ್ತಾರೆ. ತಟ್ಟೆಯ ಬಗ್ಗೆ, ಮೈಯ ಬಗ್ಗೆ ಅಲ್ಲಿ ಮಾತಿಲ್ಲ. ಟೈಲರಕ್ಕ ಈಗ ಯಾರ ಅಳತೆಯನ್ನೂ ಕೂಗುವುದಿಲ್ಲ. ತಾನೇ ಬರೆದುಕೊಳ್ಳುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರೋ ಊಟದ ಹೊತ್ತಿಗೆ ಏನಾದರೂ ನೆಪ ಹೇಳುತ್ತಿರಬಹುದು. ಉಂಡ ಕೂಡಲೇ ಎದ್ದು ಬಾಗಿಲು ಹಾಕಿಕೊಳ್ಳುತ್ತಿರಬಹುದು. ಬೈಯಬೇಡಿ, ತಮಾಷೆ ಮಾಡಬೇಡಿ, ತೂಕ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಪಕ್ಕದಲ್ಲಿ ಕೂತು, ಏನಾಗ್ತಿದೆ ಎಂದು ಕೇಳಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ತಲೆ ಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ ಆ ದಿನವೇ ಹೋಗಿ. ಅವರು ಏನೂ ಇಲ್ಲ ಎಂದರೆ ವಾಂತಿಯ ವಿಷಯ, ಊಟ ಬಿಡುವ ವಿಷಯ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆ ಮಾಡಿ ಎಂದು ಕೇಳಿ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಇಲ್ಲದಿದ್ದರೆ ನಾಲ್ಕು ಜನ ಸೇರಿ ಅರ್ಜಿ ಬರೆಯಿರಿ.

ಹೇಳಲು ನಾಚಿಕೆಯಾಗುತ್ತದೆ, ನಿಜ. ಟೈಲರಕ್ಕನಿಗೂ ಆಯಿತು, ಈಗಲೂ ಆಗುತ್ತದೆ. ನಾಚಿಕೊಂಡೇ ಹೇಳಿ. ಆದರೆ ಇವತ್ತೇ ಹೇಳಿ.